‘ಮೊಗ್ಗು’ ಓದುವ ಆಮೆ

ವರ್ತಕ ನಗರ, ಠಾಣೆ
ಶುಕ್ರವಾರ, 7 ಮಾರ್ಚ್ 2025

ಪ್ರೀತಿಯ ವಾರಿಜಾ,

ಕಣ್ಣು ಹೇಗಿದೆ? ಬೋರಲು ಮಲಗಿ ಮಲಗಿ ನಿನ್ನ ಕುತ್ತಿಗೆ ಹಿಡಿದುಕೊಂಡಿದೆ ಎಂದು ಪ್ರೇಕ್ಷಾ ಹೇಳಿದಳು. ಬಿಸಿ ಎಣ್ಣೆ ಹಚ್ಚಿಸಿಕೋ, ಆದರೆ ತಲೆ ಎತ್ತಬೇಡ. ಆಪರೇಷನ್ನಿನಲ್ಲಿ ಕಣ್ಣಿನೊಳಗೆ ಬಿಟ್ಟ ಗಾಳಿಯ ಗುಳ್ಳೆ ಪರದೆಯನ್ನು ಒತ್ತಿ ಹಿಡಿಯುವವರೆಗೆ ಮುಖ ನೆಲದ ಕಡೆಗೇ ಇರಬೇಕೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಕಣ್ಣು ಉಜ್ಜಬಾರದು, ಅಳಬಾರದು, ಮೊಬೈಲನ್ನಂತೂ ನೋಡಲೇಬಾರದು. ಇದನ್ನೆಲ್ಲ ನೀನು ಪಾಲಿಸುತ್ತಿದ್ದೀ ಎಂದು ನಂಬಿದ್ದೇನೆ, ಪೂರ್ತಿ ನಂಬಿಲ್ಲ. ಜ್ವರ ಬಂದಿದೆ, ಮಲಗು ಎಂದರೆ ಎದ್ದು ಹೋಗಿ ಉದ್ದು ನೆನೆಹಾಕುವವಳು ನೀನು. ತಮ್ಮನ ಹೊಸ ಮನೆ ಒಕ್ಕಲಿನ ಪೂಜೆಗೆಂದು ಉಡುಪಿಗೆ ಹೋದವಳಿಗೆ ಅಲ್ಲೇ ಕಣ್ಣಿನ ಪರದೆ ಕಳಚಬೇಕೇ ಎಂದು ದಿನವೂ ಅಂದುಕೊಳ್ಳುತ್ತೇನೆ. ಜಯಶೀಲ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗದಿದ್ದರೆ ಕಣ್ಣೇ ಹೋಗುತ್ತಿತ್ತಂತೆ. ಆ ಒಂದು ವಿಷಯದಲ್ಲಿ ನಿನ್ನ ತಮ್ಮನ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು ನಿನ್ನ ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದೆ. ಮಲ್ಲಿಗೆ ಗಿಡಕ್ಕೆ ನೀರು ಹಾಕುವವರಿಲ್ಲ, ನೀವು ಠಾಣೆಯ ಮನೆಗೆ ಹೊರಡಿ ಎಂದು ಓಡಿಸಿದವಳು ನೀನೇ.

ಪ್ರೇಕ್ಷಾ, ಮಗೂ, ಇದನ್ನು ಅತ್ತೆಗೆ ನಿಧಾನವಾಗಿ ಓದಿ ಹೇಳು. ಬಾಗಿಲು ಹಾಕಿಕೊಂಡು ಓದು, ನಿನ್ನ ಅಪ್ಪನಿಗೆ ಎಲ್ಲವೂ ತಿಳಿಯಬೇಕಾಗಿಲ್ಲ. ದಿನಾ ಸಂಜೆ ಫೋನು ಮಾಡುವ ಮಾವ ಕಾಗದ ಯಾಕೆ ಬರೆಯುತ್ತಾರೆ ಎಂದು ನೀನು ನಗಬಹುದು. ಆ ಫೋನಿನಲ್ಲಿ ಏನು ಮಾತಾಡಲಿಕ್ಕಾಗುತ್ತದೆ ಹೇಳು? ನಿನ್ನ ಅಪ್ಪ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾನೆ, ಹಿಂದೆ ಟೀವಿ, ಮುಂದೆ ಇಡೀ ಮನೆ. ಅದಲ್ಲದೆ ಫೋನು ಕದ್ದು ಕೇಳುತ್ತದೆ. ಹೋದ ತಿಂಗಳು ಕುಂಡದ ಅಡಿಗೊಂದು ತಟ್ಟೆ ಬೇಕೆಂದು ನಾನು ಅದರಲ್ಲಿ ಹೇಳಿದೆ. ಮರುದಿನ ಬೆಳಿಗ್ಗೆ ಅದೇ ಫೋನು ನನಗೆ ಬಣ್ಣಬಣ್ಣದ ತಟ್ಟೆಗಳನ್ನು ತೋರಿಸಿತು. ಅತ್ತೆ ಇದಕ್ಕೆ ಏನೆನ್ನುತ್ತಾಳೆಂದು ನನಗೆ ಗೊತ್ತು. “ನಿಮಗೆ ಕುಕ್ಕರ್ ಸೀಟಿ ಹೊಡೆದರೂ ಯಾರೋ ಯಾರಿಗೋ ಸನ್ನೆ ಮಾಡಿದ ಹಾಗೆ ಕೇಳುತ್ತದೆ.” ಮೂವತ್ತು ವರ್ಷ ಹೋಟೆಲ್ ನಡೆಸಿದವನ ಕಿವಿ ಅದು, ಸುಮ್ಮನೆ ಹಾಗಾದದ್ದಲ್ಲ. ಅಡುಗೆಮನೆಯಲ್ಲಿ ಎಲ್ಲರೂ ಒಮ್ಮೆಲೇ ಸುಮ್ಮನಾದರೆ ಎಲ್ಲೋ ವಡೆ ಕಾಣೆಯಾಗಿದೆ ಎಂದೇ ಅರ್ಥವಾಗಿತ್ತು.

ವಾರಿಜಾ, ಮೊದಲು ಗಿಡದ ಸುದ್ದಿ, ಇಲ್ಲದಿದ್ದರೆ ಮುಂದಿನದೊಂದೂ ನಿನ್ನ ತಲೆಗೆ ಹೋಗುವುದಿಲ್ಲ. ಗಿಡ ಚೆನ್ನಾಗಿದೆ. ಯೇವೂರ್ ಗುಡ್ಡದ ಕಡೆಗೆ ಬಾಗಿದ ಗೆಲ್ಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿದೆ. ಶಂಕರಪುರದಿಂದ ನೀನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಒಂದು ಗೆಲ್ಲು, ಈಗ ನೋಡು, ಡೊಂಬಿವಲಿಯ ಬಾಲ್ಕನಿಗಳಲ್ಲಿ ಅದರ ಮಕ್ಕಳು, ಐರೋಲಿಯಲ್ಲಿ ಮೊಮ್ಮಕ್ಕಳು. ನಮ್ಮ ಮಲ್ಲಿಗೆ ಬಳಗಕ್ಕೆ ಸೇರಿದವರಿಗೆಲ್ಲ ಇದೇ ಗಿಡದ ಕಡ್ಡಿ ಕೊಡುವುದು, ಯುಗಾದಿಯ ದಿನ ಅವರೆಲ್ಲ ತಮ್ಮ ಗಿಡದ ಮೊದಲ ಹೂವನ್ನು ಕಟ್ಟಿ ತಂದು ಈ ತವರು ಗಿಡಕ್ಕೆ ಸುತ್ತಿ ಹೋಗುವುದು, ಎಲ್ಲ ನೀನೇ ಮಾಡಿದ ಪದ್ಧತಿ. ಹೋದ ವರ್ಷ ಉಲ್ಹಾಸನಗರದಿಂದ ಬಂದಾಕೆ ಮೂರೇ ಮೂರು ಹೂ ಪೋಣಿಸಿಕೊಂಡು ಬಂದಿದ್ದಳು, ನೀನು ಅವಳಿಗೇ ಮೊದಲು ಪಾಯಸ ಬಡಿಸಿದೆ. ಈ ಯುಗಾದಿಗೆ ನೀನು ಬಂದಿರುತ್ತೀ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ಡಾಕ್ಟರು ಬೇಡವೆಂದರೆ ನಾನೇ ಅವರ ಹತ್ತಿರ ಮಾತಾಡುತ್ತೇನೆ.

ಇನ್ನು ನನ್ನ ತಾಪತ್ರಯ. ಬಳಗದ ತಿಂಗಳ ಪತ್ರಿಕೆ ‘ಮೊಗ್ಗು’ ಇದ್ದದ್ದೇ ನಾಲ್ಕು ಪುಟ. ಇಷ್ಟು ವರ್ಷ ಅದನ್ನು ನಾನು ನಮ್ಮ ಹಳೆಯ ಕಂಪ್ಯೂಟರಿನಲ್ಲಿ, ಹೋಟೆಲಿನ ಮೆನು ಕಾರ್ಡ್ ಮಾಡಲು ಹಾಕಿಸಿದ್ದ ಅದೇ ಸಾಫ್ಟ್‌ವೇರಿನಲ್ಲಿ ಕೂರಿಸಿ, ಸ್ಟೇಷನ್ ಹತ್ತಿರ ಝೆರಾಕ್ಸ್ ಮಾಡಿಸಿ ಹಂಚಿದೆ. ಯಾರೂ ಒಂದು ಮಾತು ಆಡಿದ್ದಿಲ್ಲ. ಮಸಾಲೆ ದೋಸೆ ಎಂದು ಬರೆಯುತ್ತಿದ್ದ ದಪ್ಪ ಅಕ್ಷರದಲ್ಲಿಯೇ ‘ಹಿಟ್ಟು ತಿಗಣೆಗೆ ಮದ್ದು’ ಎಂದು ಬರೆಯುತ್ತಿದ್ದೆ, ಎಷ್ಟು ಗಂಭೀರವಾಗಿ ಕಾಣುತ್ತಿತ್ತು! ಜನವರಿಯಲ್ಲಿ ಕಂಪ್ಯೂಟರು ಗೊರಕೆ ಹೊಡೆಯಲು ಸುರುಮಾಡಿತು. ರಿಪೇರಿಯವನು ಬಂದು, ಯಂತ್ರ ಬದಲಿಸಬಹುದು, ಆದರೆ ಈ ಸಾಫ್ಟ್‌ವೇರ್ ಹೊಸ ಯಂತ್ರದಲ್ಲಿ ಏಳುವುದಿಲ್ಲ ಎಂದ. ಅವನಿಗೆ ಹೊಸ ಯಂತ್ರ ಮಾರುವ ಆಸೆ ಇರಬಹುದೆಂದು ನಾನು ಇನ್ನೊಬ್ಬನನ್ನು ಕರೆಸಿದೆ. ಅವನೂ ಅದನ್ನೇ ಹೇಳಿದ. ಇಬ್ಬರೂ ಒಂದೇ ಬೈಕಿನಲ್ಲಿ ಓಡಾಡುವವರೋ ಏನೋ, ಅದನ್ನು ಇನ್ನೂ ವಿಚಾರಿಸಬೇಕಾಗಿದೆ. ಅಂತೂ ಯುಗಾದಿ ಸಂಚಿಕೆಯಿಂದ ‘ಮೊಗ್ಗು’ ಯಾವ ಸಾಫ್ಟ್‌ವೇರಿನಲ್ಲಿ ಅರಳಬೇಕು ಎಂದು ತೀರ್ಮಾನಿಸಲು ನಾಡಿದ್ದು ಭಾನುವಾರ ಡೊಂಬಿವಲಿಯಲ್ಲಿ ಸಭೆ. ಸಂಪಾದಕರು, ಎಂದರೆ ನಾನು, ಏನು ಹೇಳುತ್ತಾರೋ ಅದೇ ಆಗಲಿ ಎಂದು ಎಲ್ಲರೂ ಹೇಳಿದ್ದಾರೆ. ಎಲ್ಲರೂ ಒಟ್ಟಿಗೆ ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಸರಿಕಾಣಲಿಲ್ಲ.

ಐರೋಲಿಯ ಆಕಾಶ ಒಂದು ಸಾಫ್ಟ್‌ವೇರ್ ತಂದು ಹಾಕಿಕೊಟ್ಟ. ಹುಡುಗ ಒಳ್ಳೆಯವನು, ಕಂಪನಿ ಕೆಲಸ ಮುಗಿಸಿ ಕಡಲ ಖಾಡಿಯ ಸೇತುವೆ ದಾಟಿ ಇಷ್ಟು ದೂರ ಬಂದ. “ಅಂಕಲ್, ಇದು ಓಪನ್ ಸೋರ್ಸ್. ಇದರಲ್ಲಿ ಕಿಸೀ ಕಾ ಚಾಲಾಕಿ ಚಲ್ತಾ ನಹೀ” ಎಂದ. ಎಲ್ಲರಿಗೂ ಒಳಗೆ ನೋಡಲು ಬಿಡುತ್ತಾರಂತೆ, ಅದಕ್ಕೇ ಮೋಸವಿಲ್ಲವಂತೆ. ನನಗೆ ಆ ಮಾತು ಹಿಡಿಸಿತು. ನಮ್ಮ ಹೋಟೆಲಿನಲ್ಲೂ ಅಡುಗೆಮನೆಯ ಬಾಗಿಲು ಗಿರಾಕಿಗೆ ಕಾಣುವ ಹಾಗೆಯೇ ಇತ್ತಲ್ಲ. ಆದರೆ ಅದರಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳೆಲ್ಲ ಸಾಲು ತಪ್ಪಿ, ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರ ಹಾಗೆ ಹೊರಗೆ ಬಂದವು. ಆಕಾಶ ಅರ್ಧ ದಿನ ಏನೇನೋ ಒತ್ತಿದ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ ಅವನಿಗೆ. ಸರಿಯಾಯಿತೇ ಎಂದು ಪ್ರತಿಸಲ ನನ್ನ ಮುಖ ನೋಡುತ್ತಿದ್ದ. ಪಾಪ ಅನ್ನಿಸಿ ಕೊನೆಗೆ ನಾನೇ ಅವನಿಗೆ ಅವಲಕ್ಕಿ ಕೊಟ್ಟು ಕಳಿಸಿದೆ. ಒತ್ತಕ್ಷರ ಕೂರುವವರೆಗೆ ಅದರ ಮಾತಿಲ್ಲ.

ಉಳಿದದ್ದು ಜಯೇಶನದು, ನನ್ನ ಸಂಶಯ ಇರುವುದೂ ಅಲ್ಲೇ. ಡೊಂಬಿವಲಿಯ ಚೆನ್ನಯಣ್ಣನ ಮಗ ಜಯೇಶನನ್ನು ನಾವೇ ಬಳಗದ ಕಾರ್ಯದರ್ಶಿ ಮಾಡಿದೆವು, ನೆನಪಿದೆಯಲ್ಲ, ನೀನೇ ಹೆಸರು ಸೂಚಿಸಿದ್ದು. ಅವನು ಹೇಳುವ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಎಲ್ಲೋ ಇರುತ್ತದೆ. ಕೊಂಡಿ ಕಳಿಸಿದರೆ ಯಾರು ಬೇಕಾದರೂ ತೆರೆದು ನೋಡಬಹುದು, ಬೇಕಾದರೆ ಬರೆಯಲೂಬಹುದು. ಹೂವಿನ ಅಂಚು, ಬಳ್ಳಿಯ ಅಂಚು ಎಲ್ಲ ಮೊದಲೇ ಮಾಡಿಟ್ಟಿರುತ್ತಾರೆ. ಮತ್ತೆ ಉಚಿತ! ವಾರಿಜಾ, ಎರಡನೇ ಸಲದ ಚಟ್ನಿ ಉಚಿತ ಎಂದು ಬೋರ್ಡು ಹಾಕಿದವನು ನಾನು. ಆ ಚಟ್ನಿಯ ಕಾಸು ಇಡ್ಲಿಯಲ್ಲೇ ಸೇರಿತ್ತೆಂದು ನಿನಗೂ ಗೊತ್ತು, ನನಗೂ ಗೊತ್ತು. ಇದರ ಇಡ್ಲಿ ಎಲ್ಲಿದೆ ಎಂದು ಜಯೇಶನನ್ನು ಕೇಳಿದೆ. “ಅಂಕಲ್, ಸಬ್ ಕ್ಲೌಡ್ ಮೇ ಸೇಫ್ ಉಂಟು. ಅಕ್ಷರ ಬೇಕಾದಷ್ಟು ಬಡಾ ಮಾಡಬಹುದು. ಒಂದು ಬಟನ್ ಒತ್ತಿದ್ರೆ ಕನ್ನಡದಲ್ಲಿ ಓದಿ ಕೂಡ ಹೇಳ್ತದೆ, ರೇಡಿಯೋ ಕೇ ಮಾಫಿಕ್” ಎಂದ. ನನಗೆ ರೇಗಿತು. ನಮ್ಮ ಬಳಗದವರಿಗೆಲ್ಲ ದೇವರು ಕಣ್ಣು ಕೊಟ್ಟಿದ್ದಾನಪ್ಪ, ಓದಿ ಹೇಳಲು ಆಳು ಬೇಡ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿ ತನ್ನ ಬೂಟು ನೋಡಿಕೊಂಡ. ಬಾಯಿ ಮುಚ್ಚಿಸಿದೆ ಎಂದು ನನಗೆ ಸಮಾಧಾನವಾಯಿತು.

ಆದರೂ ಇವನಿಗೆ ಇದರಲ್ಲಿ ಇಷ್ಟು ಆಸಕ್ತಿ ಏಕೆ? ಕೆಲಸಕ್ಕೆ ಹೋಗುವ ಹುಡುಗ, ಬೆಳಿಗ್ಗೆಯ ಫಾಸ್ಟ್ ಲೋಕಲಿನಲ್ಲಿ ನಿಲ್ಲಲು ಜಾಗವಿಲ್ಲದಾಗಲೂ ನನಗೆ ಮೆಸೇಜು ಮಾಡುತ್ತಾನೆ: ಅಂಕಲ್, ಡಿಸೈಡ್ ಮಾಡಿದ್ರಾ? ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಊರಿಗೆ ಹೋದವನು ನಿನ್ನನ್ನು ನೋಡಲು ಬಂದಿದ್ದ. ಬಂದದ್ದು ಸಂತೋಷವೇ. ಆದರೆ ರೋಗಿಯನ್ನು ನೋಡಲು ಬಂದವರು ಎಳನೀರು ಕೊಟ್ಟು, ನಾಲ್ಕು ಮಾತಾಡಿ ಹೊರಡುತ್ತಾರೆ. ಇವನು ನಿನ್ನ ಮಂಚದ ಹತ್ತಿರ ನೆಲದ ಮೇಲೆ ಕುಳಿತು ಬಹಳ ಹೊತ್ತು ಮೊಬೈಲ್ ಒತ್ತುತ್ತಿದ್ದ ಎಂದು ಪ್ರೇಕ್ಷಾಳೇ ಬಾಯಿತಪ್ಪಿ ಹೇಳಿದಳು. ಏನು ವಿಷಯ ಎಂದರೆ ಮಾತು ತಿರುಗಿಸಿದಳು. ನಿನ್ನ ಮತವನ್ನು ತನ್ನ ಕಡೆಗೆ ಮಾಡಿಕೊಳ್ಳಲು ಬಂದಿದ್ದ ಎಂದು ನನಗೆ ಆಗಲೇ ಹೊಳೆಯಿತು. ಸಾಲದ್ದಕ್ಕೆ ಕಲ್ಯಾಣದ ಗುಲಾಬಿ ಕೂಟದವರ ಪತ್ರಿಕೆಯಲ್ಲಿ, ಬೇವಿನ ಹಿಂಡಿಯನ್ನು ಮಜ್ಜಿಗೆಯಲ್ಲಿ ಕದಡಿ ಹಾಕುವ ನನ್ನ ಉಪಾಯ, ನಾವು ಅಚ್ಚು ಹಾಕುವ ಮೊದಲೇ ಅವರದೇ ಎಂಬಂತೆ ಬಂದಿದೆ. ನಮ್ಮ ಕರಡು ಅವರ ಕೈಗೆ ಹೇಗೆ ಹೋಯಿತು?

ಸಭೆಯ ಮೊದಲು ಪರೀಕ್ಷೆಗಾಗಿ ಯುಗಾದಿ ಸಂಚಿಕೆಯ ಕರಡನ್ನು ಜಯೇಶನ ಆ ಸಾಫ್ಟ್‌ವೇರಿನಲ್ಲಿ ಹಾಕಿದ್ದೇವೆ. ಕೊಂಡಿ ಬಳಗದವರಿಗೆ ಮಾತ್ರ ಕೊಟ್ಟಿದೆಯಂತೆ. ನಾನು ತೆರೆದರೆ ಮೇಲ್ಗಡೆ ಒಂದು ವೃತ್ತದೊಳಗೆ ನನ್ನ ಹೆಸರು, ಜಯೇಶ ಬಂದರೆ ಅವನ ಹೆಸರು. ಹೆಸರು ಹೇಳದೆ ಯಾರಾದರೂ ಒಳಗೆ ಬಂದರೆ ಅದು ಒಂದು ಪ್ರಾಣಿಯ ಚಿತ್ರ ತೋರಿಸುತ್ತದೆ. ನಮ್ಮಲ್ಲಿಗೆ ಬರುವುದು ಒಂದು ಆಮೆ. ದಿನವೂ ಮಧ್ಯಾಹ್ನ ನಾಲ್ಕರ ಚಹಾದ ಹೊತ್ತಿಗೆ ಸರಿಯಾಗಿ ಬರುತ್ತದೆ. ಬೇರೆಯವರು ಬಂದು ಮೊದಲ ಪುಟದಲ್ಲಷ್ಟೇ ಕಣ್ಣಾಡಿಸಿ ಹೋಗುತ್ತಾರೆ, ಆಮೆ ಮಾತ್ರ ಮೊದಲ ಪುಟದಿಂದ ಕೊನೆಯವರೆಗೆ ಹೋಗಿ, ಮತ್ತೆ ನಾನು ಬರೆದ ಅಗ್ರಲೇಖನಕ್ಕೆ ವಾಪಸು ಬಂದು ಕೂತಿರುತ್ತದೆ. ಏನೂ ಬರೆಯುವುದಿಲ್ಲ. ಮೊದಲ ದಿನ ನಾನು ಗಾಬರಿಯಾಗಿ ಕಂಪ್ಯೂಟರನ್ನೇ ಆರಿಸಿದೆ. ಈಗ ನಾಲ್ಕಾಗುವ ಮೊದಲೇ ಚಹಾದ ಲೋಟ ಹಿಡಿದು ಅದರ ದಾರಿ ಕಾಯುತ್ತ ಕೂರುವುದು ಅಭ್ಯಾಸವಾಗಿದೆ. ಇಷ್ಟು ಹೊತ್ತು ಕೂತು ನಕಲು ಮಾಡುವುದಲ್ಲದೆ ಇನ್ನೇನು ಮಾಡುತ್ತದೆ? ಜಯೇಶನನ್ನು ಕೇಳಿದರೆ, “ಹೋಗಾ ಕೋಯಿ ಮೆಂಬರ್, ಬಿಟ್ಟುಬಿಡಿ ಅಂಕಲ್” ಎನ್ನುತ್ತಾನೆ. ಹೇಳುವಾಗ ಅವನ ದನಿಯಲ್ಲಿ ನಗು ಇತ್ತು. ಅದನ್ನು ನಾನು ಗಮನಿಸದೆ ಬಿಡಲಿಲ್ಲ.

ಹಾಗಾಗಿ ನಿನ್ನೆ ಬೆಳಿಗ್ಗೆ ಒಂದು ಬಲೆ ಬೀಸಿದೆ. ಇದನ್ನು ಕೇಳಿ ಹೆದರಬೇಡ, ಗಿಡ ಚೆನ್ನಾಗಿದೆ ಎಂದು ಮೇಲೆಯೇ ಬರೆದಿದ್ದೇನೆ. ಹೋಟೆಲಿನಲ್ಲಿ ಕಳ್ಳನನ್ನು ಹಿಡಿಯಲು ನಾನು ಮಾಡುತ್ತಿದ್ದದ್ದೂ ಇದನ್ನೇ: ಒಂದು ಸುಳ್ಳು ಸುದ್ದಿಯನ್ನು ಒಬ್ಬನ ಕಿವಿಗೆ ಮಾತ್ರ ಹಾಕುವುದು, ಅದು ಯಾರ ಬಾಯಿಂದ ವಾಪಸು ಬರುತ್ತದೆ ಎಂದು ಕಾಯುವುದು. ಸಣ್ಣ ಸುಳ್ಳಾದರೆ ಯಾರೂ ದಾಟಿಸುವುದಿಲ್ಲ. ಕೇಳಿದವನಿಗೆ ಬಾಯಿಮುಚ್ಚಿ ಇರಲು ಆಗದಂಥದ್ದು ಬೇಕು. ಕರಡಿನ ಎರಡನೇ ಪುಟದಲ್ಲಿ ಕಪ್ಪು ಅಂಚು ಹಾಕಿ ಹೀಗೆ ಬರೆದೆ: ನಮ್ಮ ಬಳಗದ ತವರು ಗಿಡವು ಬೇರು ಕೊಳೆತು ತೀರಿಕೊಂಡಿತೆಂದು ತಿಳಿಸಲು ವಿಷಾದಿಸುತ್ತೇವೆ, ಕುಂಡವನ್ನು ಬರಿದು ಮಾಡಲಾಗಿದೆ, ಈ ಯುಗಾದಿಗೆ ಹೂ ಸುತ್ತುವ ಕಾರ್ಯಕ್ರಮ ಇರುವುದಿಲ್ಲ. ಬರೆದವನೇ ಎದ್ದು ಹೋಗಿ ಗಿಡವನ್ನು ಒಮ್ಮೆ ಮುಟ್ಟಿ ಬಂದೆ. ಮೊದಲ ಸಂತಾಪ ಯಾರಿಂದ ಬರುತ್ತದೋ ಅವನೇ ಆಮೆ, ಅಥವಾ ಆಮೆಯ ಗೆಳೆಯ. ನಾಲ್ಕಕ್ಕೆ ಆಮೆ ಬಂತು. ಎರಡನೇ ಪುಟದಲ್ಲಿ ನಿಂತಿತು. ಆಮೇಲೆ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ, ಒಮ್ಮೆಲೇ ಮಾಯವಾಯಿತು. ಸಿಕ್ಕಿತು ಎಂದು ನಾನು ಖುಷಿಯಿಂದ ಎರಡನೇ ಚಹಾ ಮಾಡಿಕೊಂಡೆ.

ಆದರೆ ಇಂದು ಮಧ್ಯಾಹ್ನದ ಊಟವಾಯಿತು, ಇನ್ನೂ ಯಾರಿಂದಲೂ ಸದ್ದಿಲ್ಲ. ಜಯೇಶನೂ ಇಲ್ಲ, ಗುಲಾಬಿಯವರೂ ಇಲ್ಲ. ಚಾಲಾಕಿಗಳು, ಬಲೆಯ ವಾಸನೆ ಹಿಡಿದಿರಬೇಕು. ಅದರ ಮೇಲೆ ನಿನ್ನೆ ಸಂಜೆಯ ಫೋನು ಬೇರೆ. ನೀನು ಗಿಡ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದೆ. ಮತ್ತೆ ಕೇಳಿದೆ. ಎಲೆ ಹೇಗಿದೆ, ಕುಂಡದ ಮಣ್ಣು ಹೇಗಿದೆ ಎಂದು ಸುತ್ತಿ ಸುತ್ತಿ ಅದನ್ನೇ ಕೇಳಿದೆ. ಎಲ್ಲ ಚೆನ್ನಾಗಿದೆ ಮಾರಾಯ್ತಿ ಎಂದೆ. ಆಮೇಲೆ ಜಯಶೀಲ ಫೋನು ತೆಗೆದುಕೊಂಡು ಅಕ್ಕನಿಗೆ ಸುಸ್ತು ಎಂದ. ನಾನು ನೀರು ಹಾಕುವುದಿಲ್ಲ ಎಂದು ನಿನ್ನ ನಾದಿನಿ ಕಿವಿ ಊದಿರಬೇಕು. ಪ್ರೇಕ್ಷಾ, ಈ ವಾಕ್ಯವನ್ನು ಮೆಲ್ಲಗೆ ಓದು, ನಿನ್ನ ಅಮ್ಮ ಹತ್ತಿರವಿದ್ದರೆ ಬಿಟ್ಟೇಬಿಡು. ಭಾನುವಾರದ ವಿಷಯ ನಾನು ನಿಶ್ಚಯ ಮಾಡಿಯಾಗಿದೆ. ಎಲ್ಲೋ ಇರುವ, ಯಾರು ಬೇಕಾದರೂ ನುಸುಳುವ, ಉಚಿತವಾದ ಆ ಸಾಫ್ಟ್‌ವೇರಿಗೆ ನಾನು ಒಪ್ಪುವುದಿಲ್ಲ. ಬೇಕಾದರೆ ‘ಮೊಗ್ಗು’ವನ್ನು ಕೈಯಲ್ಲೇ ಬರೆದು ಝೆರಾಕ್ಸ್ ಮಾಡಿಸುತ್ತೇನೆ. ಹಟ ಹಿಡಿದರೆ ರಾಜೀನಾಮೆ ಕೊಡುತ್ತೇನೆ, ಅವರೇ ನೋಡಿಕೊಳ್ಳಲಿ.

ನೀನು ಚಿಂತೆ ಮಾಡಬೇಡ. ಮುಖ ಕೆಳಗೆ ಇರಲಿ, ಮನಸ್ಸು ಮೇಲೆ ಇರಲಿ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಪ್ರೇಕ್ಷಾಳ ಪರೀಕ್ಷೆಗೆ ನನ್ನ ಆಶೀರ್ವಾದ, ಜಯಶೀಲನಿಗೆ ಒಂದು ಒಳ್ಳೆಯ ಮಾತು. ಕೃಷ್ಣ ನಿನ್ನ ಕಣ್ಣನ್ನು ಬೇಗ ತಿಳಿಗೊಳಿಸಲಿ. ನೀನಿಲ್ಲದ ಮನೆಯಲ್ಲಿ ಸಂಶಯ ಪಟ್ಟರೂ ಬೈಯುವವರಿಲ್ಲ, ಅದೇ ಬೇಸರ.

ನಿನ್ನ,
ಹಯಗ್ರೀವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಬಾಗಿಲ ಗಂಟೆ. ಕೆಳಗಿನ ಮನೆಯ ಮೋಹಿನಿ. ಕಲ್ಯಾಣದ ಮಗಳ ಮನೆಯಿಂದ ನೇರ ಇಲ್ಲಿಗೇ ಬಂದಿದ್ದಾಳೆ, ಕೈಯಲ್ಲಿ ಇನ್ನೂ ಚೀಲವಿತ್ತು. ಚಪ್ಪಲಿ ಕೂಡ ಬಿಡದೆ ಬಾಲ್ಕನಿಗೆ ಓಡಿದಳು. “ಅಯ್ಯೋ ದೇವರೇ, ಗಿಡ ಉಂಟಲ್ಲ ಮಾರಾಯ್ರೆ!” ಎಂದು ಚೀಲವನ್ನು ಅಲ್ಲೇ ಇಳಿಸಿದಳು. ಸಿಕ್ಕಿದಳು ಆಮೆ ಎಂದು ಒಂದು ಕ್ಷಣ ಹಿಗ್ಗಿದೆ, ನನ್ನ ಬುದ್ಧಿ ಅಂಥದ್ದು. ಆಮೇಲೆ ಅವಳು ಹೇಳಿದಳು: “ವಾರಿಜಕ್ಕ ಬೆಳಿಗ್ಗೆ ಫೋನ್ ಮಾಡಿ ಅತ್ತದ್ದು ಅತ್ತದ್ದೇ. ಗಿಡ ಸತ್ತಿದೆ, ಇವರು ನನ್ನ ಕಣ್ಣಿಗೋಸ್ಕರ ಸುಳ್ಳು ಹೇಳ್ತಿದ್ದಾರೆ, ನೀನು ಹೋಗಿ ನೋಡಿ ಬಾ ಅಂದ್ರು.” ಎಲ್ಲಿಂದ ಫೋನು, ಅವಳ ಕೈಗೆ ಮೊಬೈಲ್ ಕೊಡುವುದಿಲ್ಲವಲ್ಲ ಎಂದೆ. ಆಗ ಎಲ್ಲ ಹೊರಬಂತು. ದಿಂಬಿನ ಅಡಿಯ ಹಳೆಯ ಮೊಬೈಲು, ಕಿವಿಗೆ ಸಿಕ್ಕಿಸುವ ವಯರು, ನಾಲ್ಕಕ್ಕೆ ಜಯಶೀಲ ಅಂಗಡಿಗೆ ಹೋದ ಮೇಲೆ ಜಯೇಶ ಹೇಳಿಕೊಟ್ಟ, ‘ಮೊಗ್ಗು’ ಓದಿ ಹೇಳುವ ಬಟನ್. ನೋಡಬಾರದು ಎಂದಿದ್ದಾರೆ, ಕೇಳಬಾರದು ಎಂದಿಲ್ಲ ಎಂದೆಯಂತೆ. ಪ್ರೇಕ್ಷಾ, ಆ ಹಳೆಯ ಮೊಬೈಲು ನಿನ್ನದೇ ಅಲ್ಲವೇ?

ವಾರಿಜಾ, ಅಳಬಾರದ ಕಣ್ಣನ್ನು ನಾನು ಅಳಿಸಿದೆ. ಚೆನ್ನಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಿದ್ದನ್ನು ನೀನು ನಂಬಲಿಲ್ಲ, ಇಷ್ಟು ವರ್ಷ ನನ್ನ ಜೊತೆಗಿದ್ದು ಸಂಶಯಪಡುವುದನ್ನು ನೀನೂ ಕಲಿತುಬಿಟ್ಟೆ. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಕಣ್ಣು ತಿಳಿಯಾದರೂ ಸಣ್ಣ ಅಕ್ಷರ ಓದಲು ಇನ್ನು ಕಷ್ಟವೇ ಎಂದು ಡಾಕ್ಟರು ನಿನಗೆ ಮಾತ್ರ ಹೇಳಿದ್ದರಂತೆ, ನೀನು ಅದನ್ನು ಜಯೇಶನಿಗೆ ಹೇಳಿದೆಯಂತೆ, ನನಗೆ ಹೇಳಬೇಡ ಎಂದೆಯಂತೆ. ನಮ್ಮವರಿಗೆಲ್ಲ ದೇವರು ಕಣ್ಣು ಕೊಟ್ಟಿದ್ದಾನೆ ಎಂದು ನಾನು ಅವನ ಮುಖಕ್ಕೇ ಹೇಳಿದೆನಲ್ಲ. ಅವನು ಬೂಟು ನೋಡಿಕೊಂಡದ್ದು ಅದಕ್ಕೇ. ಭಾನುವಾರ ಡೊಂಬಿವಲಿಗೆ ಹೋಗುತ್ತೇನೆ, ಜಯೇಶನ ಸಾಫ್ಟ್‌ವೇರೇ ಆಗಲಿ ಎಂದು ಹೇಳುತ್ತೇನೆ. ಅದು ಉಚಿತ ಯಾಕೆ ಎಂಬ ಸಂಶಯ ಹಾಗೇ ಇದೆ, ಗುಲಾಬಿಯವರ ಮೇಲಿನದೂ ಇದೆ. ಆದರೂ ಆಗಲಿ.

ಈ ಕಾಗದ ತಲುಪುವಾಗ ಮುಂದಿನ ವಾರವಾಗುತ್ತದೆ. ಮೋಹಿನಿ ನಿನ್ನ ಆ ನಂಬರಿಗೆ ಫೋನು ಹಚ್ಚಿದಳು, ಬಂದ್ ಆಗಿತ್ತು, ಬೆಳಿಗ್ಗೆ ಅವಳ ಹತ್ತಿರ ಮಾತಾಡಿದ ಮೇಲೆ ನಾಲ್ಕರವರೆಗೆ ಆರಿಸಿ ಇಡುತ್ತೇನೆ ಎಂದಿದ್ದೆಯಂತೆ. ಜಯಶೀಲನಿಗೆ ಹಚ್ಚಿದರೆ ನಿನ್ನ ಗುಟ್ಟು ಹೋಗುತ್ತದೆ. ಕಪ್ಪು ಅಂಚಿನ ಸುದ್ದಿಯನ್ನು ಅಳಿಸಿ ಮೊದಲ ಪುಟದ ಮೊದಲ ಸಾಲಿನಲ್ಲಿ ಬರೆದೆ: “ತಿದ್ದುಪಡಿ. ನಮ್ಮ ತವರು ಗಿಡ ಬದುಕಿದೆ. ಗೆಲ್ಲಿನ ತುದಿಯಲ್ಲಿ ಮೊಗ್ಗಿದೆ, ಮೋಹಿನಿ ಕಣ್ಣಾರೆ ನೋಡಿದ್ದಾಳೆ. ತಪ್ಪು ಸಂಪಾದಕನದು. ಆಮೆ ಅಳಬಾರದು.” ಬರೆದು, ನಿನಗೆ ಕೇಳುವುದು ಹೇಗಿರುತ್ತದೆ ನೋಡೋಣ ಎಂದು ಆ ಬಟನನ್ನು ನಾನೂ ಒತ್ತಿದೆ. ಯಾವುದೋ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವ ಹೆಂಗಸಿನ ದನಿ. ಇದೇ ದನಿಯಲ್ಲಿ ನೀನು ದಿನವೂ ನನ್ನ ಅಗ್ರಲೇಖನ ಕೇಳುತ್ತಿದ್ದೆ, ಅದೂ ಎರಡೆರಡು ಸಲ.

ನಾಲ್ಕಕ್ಕೆ ಆಮೆ ಬಂತು. ಮೊದಲ ಸಾಲಿನಲ್ಲೇ ನಿಂತಿತು. ನಾನು ಚಹಾ ಕೂಡ ಮಾಡಿಕೊಳ್ಳದೆ ಅದನ್ನೇ ನೋಡುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ನನ್ನ ತಿದ್ದುಪಡಿಯ ಕೆಳಗೆ ಅಕ್ಷರಗಳು ತಾವಾಗಿ ಮೂಡತೊಡಗಿದವು, ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಬಟನನ್ನೂ ಆ ಹುಡುಗ ಕಲಿಸಿರಬೇಕು. ಆಮೆ ಇಷ್ಟು ದಿನದಲ್ಲಿ ಮೊದಲ ಬಾರಿ ಬರೆದದ್ದು ಇಷ್ಟೇ: “ಇವತ್ತು ನೀರು ಹಾಕಿದ್ದೀರಾ?”

ಇಲ್ಲ ವಾರಿಜಾ, ಕಾಗದ ಬರೆಯುತ್ತ ಕುಳಿತು ಮರೆತೆ. ಈಗ ಎದ್ದೆ.